ಮತ ಬಿಟ್ಟುಕೊಟ್ಟ ಹವಾಯಿ: ಶಾಲೆಗಳನ್ನು ನಡೆಸುವ ಮಂಡಳಿಯಲ್ಲಿ ಯಾರು ಕೂರಬೇಕು?

2009ರ ಅಕ್ಟೋಬರ್ 23, ಶುಕ್ರವಾರ. ಅಮೆರಿಕದ ಹವಾಯಿ ರಾಜ್ಯದಲ್ಲಿ ಹೆಚ್ಚುಕಡಿಮೆ ಎಲ್ಲ ಸರ್ಕಾರಿ ಶಾಲೆಗಳ ಬಾಗಿಲು ಮುಚ್ಚಿತ್ತು. ಅವತ್ತು ಹಬ್ಬ ಇರಲಿಲ್ಲ. ಬಿರುಗಾಳಿ ಇರಲಿಲ್ಲ. ಶಿಕ್ಷಕರ ಮುಷ್ಕರವೂ ಇರಲಿಲ್ಲ. ಸಂಬಳಕ್ಕೆ ದುಡ್ಡು ಸಾಲದು ಅಂತ ಶಿಕ್ಷಕರಿಗೆ ಸಂಬಳವಿಲ್ಲದ ರಜೆ ಕೊಟ್ಟಿದ್ದರು. ಸುಮಾರು 1,70,000 ಮಕ್ಕಳು ಮನೆಯಲ್ಲೇ ಉಳಿದರು. ಆ ಒಂದು ವರ್ಷಕ್ಕೆ ಇಂಥ 17 ದಿನ ನಿಗದಿಯಾಗಿದ್ದವು, ಬಹುಪಾಲು ಶುಕ್ರವಾರಗಳೇ. ಜನ ಅದಕ್ಕೆ 'ಫರ್ಲೋ ಫ್ರೈಡೇ' ಅಂತ ಹೆಸರಿಟ್ಟರು. 180 ದಿನ ನಡೆಯಬೇಕಿದ್ದ ಪಾಠ 163 ದಿನಕ್ಕೆ ಇಳಿಯಿತು. ಇಡೀ ಅಮೆರಿಕದಲ್ಲಿ ಇಷ್ಟು ಕಡಿಮೆ ದಿನ ಶಾಲೆ ನಡೆಸುವ ರಾಜ್ಯ ಇನ್ನೊಂದಿರಲಿಲ್ಲ. ನಮ್ಮ ಶಿಕ್ಷಣ ಹಕ್ಕು ಕಾಯ್ದೆ 1ರಿಂದ 5ನೇ ತರಗತಿಗೆ 200 ದಿನ, 6ರಿಂದ 8ಕ್ಕೆ 220 ದಿನ ಶಾಲೆ ನಡೆಯಲೇಬೇಕು ಅನ್ನುತ್ತದೆ. ಇದನ್ನು ಪಕ್ಕದಲ್ಲಿಟ್ಟು ನೋಡಿದರೆ ಅಲ್ಲಿನ ಅಪ್ಪ ಅಮ್ಮಂದಿರ ಸಂಕಟ ತಿಳಿಯುತ್ತದೆ.

ಅವರು ಕೇಳಿದ ಪ್ರಶ್ನೆ ಬಹಳ ಸರಳ. ಈ ತೀರ್ಮಾನ ಯಾರದು? ನಾವು ಯಾರ ಬಾಗಿಲು ತಟ್ಟಬೇಕು? ಒಂದೇ ಮಾತಿನ ಉತ್ತರ ಯಾರಿಂದಲೂ ಬರಲಿಲ್ಲ. ಒಂದು ವರ್ಷ ಕಳೆದು 2010ರ ನವೆಂಬರ್ 2ರಂದು ಅದೇ ಜನ ಒಂದು ಅಪರೂಪದ ಕೆಲಸ ಮಾಡಿದರು. ತಾವೇ ಮತ ಹಾಕಿ ಆರಿಸುತ್ತಿದ್ದ ಶಿಕ್ಷಣ ಮಂಡಳಿಯನ್ನು ಇನ್ನು ಮುಂದೆ ಗವರ್ನರ್ ನೇಮಿಸಲಿ ಅಂತ ಒಪ್ಪಿದರು. ಜನ ತಮ್ಮ ಒಂದು ಮತವನ್ನು ತಾವಾಗೇ ಬಿಟ್ಟುಕೊಡುವುದು ದಿನಾ ನಡೆಯುವ ಸಂಗತಿ ಅಲ್ಲ. ಯಾಕೆ ಹಾಗೆ ಮಾಡಿದರು, ಮಾಡಿದ ಮೇಲೆ ಏನು ಬದಲಾಯಿತು ಅಂತ ಬಿಡಿಸಿ ನೋಡೋಣ.

ಮೊದಲು ಎರಡು ಪದಗಳ ಗೊಂದಲ ತೆಗೆದುಬಿಡೋಣ. 'ಬೋರ್ಡ್' ಅಂದ ಕೂಡಲೇ ನಮಗೆ ನೆನಪಾಗುವುದು ಎಸ್‌ಎಸ್‌ಎಲ್‌ಸಿ ಬೋರ್ಡ್. ಅದು ಪರೀಕ್ಷೆ ನಡೆಸಿ ಅಂಕಪಟ್ಟಿ ಕೊಡುವ ಸಂಸ್ಥೆ. ಅಮೆರಿಕದ ರಾಜ್ಯ ಶಿಕ್ಷಣ ಮಂಡಳಿ ಅಂಥದ್ದಲ್ಲ. ಮಕ್ಕಳು ಏನು ಕಲಿಯಬೇಕು, ಪಾಸಾಗಲು ಏನು ಬೇಕು, ಶಾಲೆಗಳಿಗೆ ಯಾವ ನಿಯಮ ಅನ್ನುವ ನೀತಿಯ ಮಾತು ಅಲ್ಲಿ ತೀರ್ಮಾನವಾಗುತ್ತದೆ. ಎಷ್ಟೋ ರಾಜ್ಯಗಳಲ್ಲಿ ಶಿಕ್ಷಣ ಇಲಾಖೆಯ ಮುಖ್ಯಸ್ಥರನ್ನು ನೇಮಿಸುವುದೂ ಅದೇ. ಇನ್ನು 'ಗವರ್ನರ್'. ನಮ್ಮ ರಾಜ್ಯಪಾಲರ ಹಾಗೆ ಕೇಂದ್ರ ಕಳಿಸಿದವರಲ್ಲ. ಜನರೇ ಆರಿಸಿದ, ಸರ್ಕಾರ ನಡೆಸುವ ವ್ಯಕ್ತಿ. ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿ ಅಂತಲೇ ಇಟ್ಟುಕೊಳ್ಳಿ.

ಇಡೀ ರಾಜ್ಯಕ್ಕೆ ಒಂದೇ ಮಂಡಳಿ

ಅಮೆರಿಕದ ಬೇರೆ ರಾಜ್ಯಗಳಲ್ಲಿ ಶಾಲೆಗಳನ್ನು ನಡೆಸುವುದು ಊರು ಅಥವಾ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಮಟ್ಟದ ಸ್ಥಳೀಯ ಮಂಡಳಿ. ಅದಕ್ಕೆ ಮನೆ, ಜಾಗದ ತೆರಿಗೆಯಿಂದ ದುಡ್ಡು ಬರುತ್ತದೆ. ಶ್ರೀಮಂತರ ಬಡಾವಣೆಯ ಶಾಲೆ ಚೆನ್ನಾಗಿರುವುದು, ಬಡವರ ಕೇರಿಯ ಶಾಲೆ ಸೊರಗುವುದು ಇದರಿಂದಲೇ ಅನ್ನುವ ದೂರು ಅಲ್ಲಿ ಹಳೆಯದು. ಹವಾಯಿಯಲ್ಲಿ ಮಾತ್ರ ಸ್ಥಳೀಯ ಮಂಡಳಿಗಳೇ ಇಲ್ಲ. ಎಲ್ಲ ದ್ವೀಪಗಳ ಎಲ್ಲ ಸರ್ಕಾರಿ ಶಾಲೆಗಳೂ ಒಂದೇ ಇಲಾಖೆಯ ಕೆಳಗೆ, ಒಂದೇ ಮಂಡಳಿಯ ಕೈಯಲ್ಲಿ. ದುಡ್ಡು ಬರುವುದು ರಾಜ್ಯದ ಖಜಾನೆಯಿಂದ. ಈ ವಿಷಯದಲ್ಲಿ ಹವಾಯಿ ಉಳಿದ ಅಮೆರಿಕಕ್ಕಿಂತ ಕರ್ನಾಟಕಕ್ಕೇ ಹತ್ತಿರ ಅನ್ನಬಹುದು.

ಈ ಒಂದೇ ಚಾವಣಿಯ ಪದ್ಧತಿ ಇವತ್ತಿನದಲ್ಲ. ಹವಾಯಿ ಇನ್ನೂ ಸ್ವತಂತ್ರ ದೇಶವಾಗಿದ್ದಾಗ, 1840ರಲ್ಲಿ, ರಾಜ ಮೂರನೇ ಕಮೆಹಮೆಹ ಸಾರ್ವಜನಿಕ ಶಾಲೆಗಳನ್ನು ಶುರುಮಾಡಿದ. ಅಮೆರಿಕದವರು ರಾಣಿಯನ್ನು ಇಳಿಸಿದ್ದು, ದ್ವೀಪಗಳನ್ನು ಸೇರಿಸಿಕೊಂಡದ್ದು, 1959ರಲ್ಲಿ ಅದು 50ನೇ ರಾಜ್ಯವಾಗಿದ್ದು ಎಲ್ಲ ಆಮೇಲಿನ ಮಾತು. ಆಳುವವರು ಬದಲಾದರೂ ಶಾಲೆಗಳ ಚುಕ್ಕಾಣಿ ರಾಜಧಾನಿ ಹೊನೊಲುಲುವಿನಲ್ಲೇ ಉಳಿಯಿತು.

ಇಷ್ಟು ಅಧಿಕಾರ ಒಂದೇ ಕಡೆ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ ಹೇಳಲೇಬೇಕು. 1896ರಲ್ಲಿ ಒಂದು ಕಾನೂನು ಬಂದು ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಮಾತ್ರ ಅಂತಾಯಿತು. ಆ ನೆಲದ ಹವಾಯಿ ಭಾಷೆ ತರಗತಿಯಿಂದ ಹೊರಬಿತ್ತು. ಮನೆಯಲ್ಲೂ ನಿಧಾನವಾಗಿ ಮರೆಯಾಯಿತು. 1980ರ ದಶಕಕ್ಕೆ ಬಂದಾಗ ಆ ಭಾಷೆ ಆಡುವ ಮಕ್ಕಳು ಬೆರಳೆಣಿಕೆಯಷ್ಟು. ಆಗ ಕೆಲವು ಕುಟುಂಬಗಳು ತಾವೇ ಶಿಶುವಿಹಾರ ಕಟ್ಟಿ ಮಕ್ಕಳಿಗೆ ಹವಾಯಿ ಭಾಷೆ ಕಲಿಸಿದರು. ಅದೇ ಮಕ್ಕಳು ಸರ್ಕಾರಿ ಶಾಲೆಗೆ ಸೇರುವ ವಯಸ್ಸಿಗೆ ಬಂದಾಗ, 1987ರಲ್ಲಿ, ಶಿಕ್ಷಣ ಮಂಡಳಿ ಹವಾಯಿ ಮಾಧ್ಯಮದ ತರಗತಿಗಳಿಗೆ ಒಪ್ಪಿಗೆ ಕೊಟ್ಟಿತು. ಎರಡು ಶಾಲೆಗಳಲ್ಲಿ ಶುರುವಾಯಿತು. ತೊಂಬತ್ತು ವರ್ಷ ಮುಚ್ಚಿದ್ದ ಬಾಗಿಲು ತೆರೆಯುವುದಕ್ಕೆ ಆ ಮೇಜಿನ ಸುತ್ತ ಕೂತವರ ಒಪ್ಪಿಗೆಯೂ ಬೇಕಾಯಿತು. ಕನ್ನಡ ಮಾಧ್ಯಮದ ಬಗ್ಗೆ ಇಷ್ಟು ವರ್ಷ ಜಗ್ಗಾಡಿರುವ ನಮಗೆ ಇದರ ತೂಕ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಈ ಮಂಡಳಿಗೆ ಯಾರನ್ನು ಕೂರಿಸಬೇಕು ಅನ್ನುವ ತಕರಾರು 2010ರಲ್ಲಿ ಹುಟ್ಟಿದ್ದೇನೂ ಅಲ್ಲ. ರಾಜ್ಯವಾದ ಹೊಸದರಲ್ಲಿ ಗವರ್ನರ್ ನೇಮಿಸುತ್ತಿದ್ದರು. 1964ರಲ್ಲಿ ಜನ ಸಂವಿಧಾನ ತಿದ್ದಿ, ನಾವೇ ಆರಿಸುತ್ತೇವೆ ಅಂದರು. ಅಂದರೆ 2010ರಲ್ಲಿ ಚಕ್ರ ಒಂದು ಸುತ್ತು ತಿರುಗಿ ಮೊದಲಿನ ಜಾಗಕ್ಕೇ ಬಂತು.

ಚುನಾವಣೆಯ ಪದ್ಧತಿ ಸ್ವಲ್ಪ ವಿಚಿತ್ರವಾಗಿತ್ತು. ಮತ ಇರುವ ಸದಸ್ಯರು 13. ಪಕ್ಷದ ಹೆಸರು, ಚಿಹ್ನೆ ಏನೂ ಇಲ್ಲ. ರಾಜ್ಯವನ್ನು ಎರಡೇ ಕ್ಷೇತ್ರ ಮಾಡಿದ್ದರು. ರಾಜಧಾನಿ ಇರುವ ಒವಾಹು ದ್ವೀಪ ಒಂದು, ಉಳಿದ ದ್ವೀಪಗಳೆಲ್ಲ ಸೇರಿ ಇನ್ನೊಂದು. ಸದಸ್ಯರು ಇಂತಿಂಥ ಜಿಲ್ಲೆಯಲ್ಲಿ ವಾಸ ಇರಬೇಕು, ಆದರೆ ಮತ ಹಾಕುವವರು ಕ್ಷೇತ್ರದ ಎಲ್ಲರೂ. ಹಾಗಾಗಿ ಕವಾಯಿ ದ್ವೀಪದ ಒಬ್ಬ ತಾಯಿ ತನ್ನೂರಿನ ಸದಸ್ಯರ ಜೊತೆಗೆ, ಸಮುದ್ರದ ಆಚೆ ನೂರಾರು ಮೈಲಿ ದೂರದ ಇನ್ನೊಂದು ದ್ವೀಪದವರಿಗೂ ಮತ ಹಾಕಬೇಕು. ಮತಪತ್ರದಲ್ಲಿ ಸಾಲು ಸಾಲು ಹೆಸರು. ಪಕ್ಷದ ಗುರುತಿಲ್ಲ. ಅವರು ಯಾರು, ಏನು ಮಾಡಿದ್ದಾರೆ ಅಂತ ತಿಳಿಯದೆ ಎಷ್ಟೋ ಜನ ಆ ಭಾಗ ಖಾಲಿ ಬಿಟ್ಟು ಬರುತ್ತಿದ್ದರು. ನೇಮಕಾತಿ ಬೇಕು ಅನ್ನುವವರು ಮುಂದಿಟ್ಟ ಮೊದಲ ವಾದವೇ ಇದು: ಮತ ಇದೆ ನಿಜ, ಆದರೆ ಯಾರಿಗೆ ಹಾಕುತ್ತಿದ್ದೇವೆ ಅಂತಲೇ ಗೊತ್ತಿಲ್ಲವಲ್ಲ.

ಆರು ಮತಗಳ ಲೆಕ್ಕ

ಈಗ ಮತ್ತೆ ಶುಕ್ರವಾರದ ಪ್ರಶ್ನೆಗೆ ಬರೋಣ. ನನ್ನ ಪ್ರಕಾರ ಇಡೀ ವಿಷಯದ ಗಂಟು ಇರುವುದು ಇಲ್ಲೇ.

ಹವಾಯಿಯಲ್ಲಿ ಶಿಕ್ಷಕರ ಸಂಬಳ, ರಜೆ, ಕೆಲಸದ ದಿನ ಎಲ್ಲ ಸಂಘದ ಜೊತೆ ಒಪ್ಪಂದದಲ್ಲಿ ತೀರ್ಮಾನ ಆಗುತ್ತದೆ. ಮೇಜಿನ ಒಂದು ಕಡೆ ಶಿಕ್ಷಕರ ಸಂಘ. ಇನ್ನೊಂದು ಕಡೆ ಮಾಲೀಕರು. ಆ ಮಾಲೀಕರು ಅಂದರೆ ಯಾರು? ಕಾನೂನು ಅಲ್ಲಿ ಆರು ಮತ ಇಟ್ಟಿದೆ. ಗವರ್ನರ್‌ಗೆ ಮೂರು. ಶಿಕ್ಷಣ ಮಂಡಳಿಗೆ ಎರಡು. ಮಂಡಳಿ ನೇಮಿಸಿದ ಸೂಪರಿಂಟೆಂಡೆಂಟ್‌ಗೆ, ಅಂದರೆ ಇಲಾಖೆಯ ಮುಖ್ಯಸ್ಥರಿಗೆ, ಒಂದು. ಬಹುಮತ ಆಗಬೇಕಾದರೆ ನಾಲ್ಕು ಬೇಕು. ಗವರ್ನರ್ ಒಬ್ಬರಿಂದ ಆಗದು. ಮಂಡಳಿ ಮತ್ತು ಸೂಪರಿಂಟೆಂಡೆಂಟ್ ಸೇರಿದರೂ ಆಗದು.

ಅಧಿಕಾರ ಒಬ್ಬರ ಕೈಗೇ ಹೋಗಬಾರದು ಅಂತ ಹೀಗೆ ಹಂಚಿಟ್ಟರೆ ಅದರಲ್ಲಿ ಒಳ್ಳೆಯದೂ ಇದೆ. ಆದರೆ ಕಷ್ಟ ಬಂದಾಗ ಇದೇ ಹಂಚಿಕೆ ಕೈ ತೊಳೆದುಕೊಳ್ಳಲು ದಾರಿ ಆಗುತ್ತದೆ. 2008ರ ಆರ್ಥಿಕ ಕುಸಿತದಲ್ಲಿ ಹವಾಯಿಗೆ ಪ್ರವಾಸಿಗರು ಕಡಿಮೆಯಾದರು, ತೆರಿಗೆ ಬರುವುದು ಇಳಿಯಿತು. ಗವರ್ನರ್ ಲಿಂಡಾ ಲಿಂಗ್ಲ್ ಖರ್ಚು ಕಡಿತ ಮಾಡಿದರು. ದುಡ್ಡು ಕೊಡುವುದು ಶಾಸನಸಭೆ, ಬಿಡುಗಡೆ ಮಾಡುವುದು ಗವರ್ನರ್. ಅದು ಬರದಿದ್ದರೆ ತೆರಿಗೆ ಹಾಕುವ ಅಧಿಕಾರ ಮಂಡಳಿಗೆ ಇಲ್ಲ. ಸಿಕ್ಕಿದ್ದರಲ್ಲಿ ಹೊಂದಿಸಬೇಕು. ಶಿಕ್ಷಕರು ಸುಮಾರು ಶೇಕಡಾ 8ರಷ್ಟು ಸಂಬಳ ಬಿಟ್ಟುಕೊಡಲು ಒಪ್ಪಿದರು, ಬದಲಿಗೆ ಅಷ್ಟು ದಿನ ಕೆಲಸ ಇಲ್ಲ ಅಂತಾಯಿತು. ಎಲ್ಲರೂ ಸಹಿ ಹಾಕಿದ ಒಪ್ಪಂದ ಅದು. ಎಲ್ಲರೂ ಹಾಕಿದ್ದರಿಂದ ಇದು ನನ್ನದು ಅನ್ನುವವರು ಯಾರೂ ಇರಲಿಲ್ಲ.

2010ರ ಏಪ್ರಿಲ್‌ನಲ್ಲಿ ಕೆಲವು ಅಪ್ಪ ಅಮ್ಮಂದಿರು ಮಕ್ಕಳನ್ನು ಕರೆದುಕೊಂಡು ಹೋಗಿ ಕೂತೇಬಿಟ್ಟರು. ಎಲ್ಲಿ ಕೂತರು ಗಮನಿಸಿ. ತಾವು ಆರಿಸಿದ ಶಿಕ್ಷಣ ಮಂಡಳಿಯ ಕಚೇರಿಯಲ್ಲಲ್ಲ, ಗವರ್ನರ್ ಕಚೇರಿಯಲ್ಲಿ. ಸುಮಾರು ಒಂದು ವಾರ ಧರಣಿ ನಡೆಯಿತು. ಕೊನೆಗೆ ಬಿಕ್ಕಟ್ಟು ಬಗೆಹರಿದದ್ದು ಹೇಗೆ? ಚಂಡಮಾರುತದ ಪರಿಹಾರಕ್ಕೆ ಅಂತ ಎತ್ತಿಟ್ಟಿದ್ದ ನಿಧಿಯಿಂದ ಸುಮಾರು 5 ಕೋಟಿ 70 ಲಕ್ಷ ಡಾಲರ್ ತೆಗೆಯಲು ದಾರಿಯಾಯಿತು. ಸ್ಥಳೀಯ ಬ್ಯಾಂಕುಗಳು ಬಡ್ಡಿಯಿಲ್ಲದ ಸಾಲಕ್ಕೆ ಮುಂದೆ ಬಂದವು. ಮುಂದಿನ ವರ್ಷಕ್ಕೆ ಗೊತ್ತಾಗಿದ್ದ ಶುಕ್ರವಾರದ ರಜೆಗಳು ನಿಂತವು. ಆ ನಿಧಿಯ ಬೀಗದ ಕೈ ಶಾಸನಸಭೆ ಮತ್ತು ಗವರ್ನರ್ ಹತ್ತಿರ ಇತ್ತು. ಮಂಡಳಿಯ ಹತ್ತಿರ ಇರಲಿಲ್ಲ.

ಜನರಿಗೆ ಇದು ಕಣ್ಣಿಗೆ ಕಟ್ಟಿದಂತೆ ಕಂಡಿತು. ನಾವು ಆರಿಸಿದವರ ಕೈಯಲ್ಲಿ ದುಡ್ಡಿಲ್ಲ. ದುಡ್ಡು ಇರುವವರು ಶಾಲೆ ನಮ್ಮ ಜವಾಬ್ದಾರಿ ಅನ್ನುತ್ತಿಲ್ಲ. ಹಾಗಾದರೆ ಎರಡನ್ನೂ ಒಬ್ಬರ ಹೆಗಲಿಗೇ ಹಾಕೋಣ, ತಪ್ಪಾದರೆ ಅವರನ್ನೇ ಹಿಡಿಯೋಣ. ಬದಲಾವಣೆಯ ಪರ ಇದ್ದ ತರ್ಕ ಇಷ್ಟೇ.

ಒಂದು ಸಾಲಿನ ಪ್ರಶ್ನೆ

ಮಂಡಳಿಯ ಚುನಾವಣೆ ಸಂವಿಧಾನದಲ್ಲೇ ಬರೆದಿತ್ತು. ಹಾಗಾಗಿ ಸುಮ್ನೆ ಒಂದು ಆದೇಶ ಹೊರಡಿಸಿ ಬದಲಾಯಿಸಲು ಆಗುವುದಿಲ್ಲ. ಹವಾಯಿಯಲ್ಲಿ ಸಂವಿಧಾನ ತಿದ್ದಲು ಶಾಸನಸಭೆಯ ಎರಡೂ ಮನೆಗಳಲ್ಲಿ ಮೂರನೇ ಎರಡರಷ್ಟು ಮತ ಬೇಕು, ಇಲ್ಲದಿದ್ದರೆ ಸತತ ಎರಡು ವರ್ಷ ಸಾಮಾನ್ಯ ಬಹುಮತ. ಆಮೇಲೆ ಜನರ ಮುಂದೆ ಹೋಗಬೇಕು. ಅಲ್ಲಿ ಇನ್ನೊಂದು ಬಿಗಿ ನಿಯಮ ಇದೆ. ಪ್ರಶ್ನೆಗೆ ಉತ್ತರಿಸದೆ ಖಾಲಿ ಬಿಟ್ಟರೆ ಅದು 'ಬೇಡ' ಅಂದಂತೆಯೇ. ಚುನಾವಣೆಗೆ ಬಂದವರಲ್ಲಿ ಕನಿಷ್ಠ ಅರ್ಧದಷ್ಟು ಜನ 'ಹೌದು' ಅನ್ನಲೇಬೇಕು. ಅರ್ಥವಾಗದೆ ಬಿಟ್ಟವರ ಮೌನವನ್ನು ಯಾರೂ ಒಪ್ಪಿಗೆ ಅಂತ ಎಣಿಸುವ ಹಾಗಿಲ್ಲ. ಈ ನಿಯಮ ನನಗೆ ತುಂಬ ಹಿಡಿಸಿತು.

ಅಷ್ಟೆಲ್ಲ ಇದ್ದರೂ ತಿದ್ದುಪಡಿ ಗೆದ್ದಿತು. ಮತಪತ್ರದಲ್ಲಿ ಇದ್ದದ್ದು ಒಂದೇ ಸಾಲು. ಶಿಕ್ಷಣ ಮಂಡಳಿಯನ್ನು, ಸೆನೆಟ್ (ಶಾಸನಸಭೆಯ ಮೇಲ್ಮನೆ) ಒಪ್ಪಿಗೆಯ ಮೇಲೆ, ಕಾನೂನಿನಲ್ಲಿ ಹೇಳಿದ ಹಾಗೆ ಗವರ್ನರ್ ನೇಮಿಸುವ ಮಂಡಳಿಯಾಗಿ ಬದಲಿಸಬೇಕೇ ಅನ್ನುವುದು ಅದರ ತಿರುಳು. ವಿಚಿತ್ರ ಅಂದರೆ ಅದೇ ದಿನ ಅದೇ ಮಂಡಳಿಯ ಕೆಲವು ಸ್ಥಾನಗಳಿಗೆ ಚುನಾವಣೆಯೂ ಇತ್ತು. ಗೆದ್ದವರು ಪೂರ್ತಿ ಅವಧಿ ಕೂರಲೇ ಇಲ್ಲ.

'ಕಾನೂನಿನಲ್ಲಿ ಹೇಳಿದ ಹಾಗೆ' ಅನ್ನುವ ಆ ಮಾತನ್ನು ಇನ್ನೊಂದು ಸಲ ಓದಿ. ಜನ ಮತ ಹಾಕಿದಾಗ ಆ ಕಾನೂನು ಇನ್ನೂ ಆಗಿರಲಿಲ್ಲ. ಎಷ್ಟು ಜನ ಸದಸ್ಯರು? ಎಷ್ಟು ವರ್ಷ? ಒವಾಹು ಬಿಟ್ಟು ಉಳಿದ ದ್ವೀಪಗಳಿಗೆ ಜಾಗ ಉಂಟೋ ಇಲ್ಲವೋ? ಇದೆಲ್ಲ ಆಮೇಲೆ ಶಾಸನಸಭೆ ತೀರ್ಮಾನಿಸಿತು. ಯಾವುದೇ ಸಮಿತಿಯ ರಚನೆ ಬದಲಾಗುವಾಗ ನಮ್ಮ ಕಣ್ಣು ಹೋಗಬೇಕಾದ್ದು ಇಲ್ಲಿಗೆ. ದೊಡ್ಡ ಅಕ್ಷರದ ಪ್ರಶ್ನೆ 'ಚುನಾವಣೆಯೋ ನೇಮಕವೋ' ಅಂತ ಇರುತ್ತದೆ. ಅಧಿಕಾರದ ನಿಜವಾದ ಅಳತೆ ಇಂಥ ಸಣ್ಣ ಮಾತಿನೊಳಗೆ ಇರುತ್ತದೆ.

2011ರಲ್ಲಿ ಆ ಕಾನೂನು ಬಂತು. ಮತ ಇರುವ ಸದಸ್ಯರು 13ರಿಂದ 9ಕ್ಕೆ ಇಳಿದರು. ಒವಾಹು ದ್ವೀಪದ ಹೊನೊಲುಲು ಕೌಂಟಿಯಿಂದ ಮೂವರು. ಹವಾಯಿ, ಮಾವಿ, ಕವಾಯಿ ಕೌಂಟಿಗಳಿಂದ ತಲಾ ಒಬ್ಬರು. ಉಳಿದ ಮೂವರು ರಾಜ್ಯದ ಯಾವ ಕಡೆಯಿಂದ ಬೇಕಾದರೂ ಬರಬಹುದು. ಅವಧಿ ಮೂರು ವರ್ಷ. ರಾಜ್ಯದ ಸುಮಾರು 10ರಲ್ಲಿ 7 ಜನ ಇರುವುದು ಒವಾಹು ದ್ವೀಪದಲ್ಲಿ. ಅದನ್ನು ನೋಡಿದರೆ ಉಳಿದ ಕೌಂಟಿಗಳಿಗೆ ತಲಾ ಒಂದು ಕುರ್ಚಿ ಖಾತ್ರಿ ಆದದ್ದು ಸಣ್ಣ ಸಂಗತಿ ಅಲ್ಲ. ಹೊಸ ಗವರ್ನರ್ ನೀಲ್ ಅಬರ್‌ಕ್ರಾಂಬಿ ಮೊದಲ ಮಂಡಳಿಯನ್ನು ನೇಮಿಸಿದರು. ಅದರ ಅಧ್ಯಕ್ಷರಾದವರು ಡಾನ್ ಹಾರ್ನರ್, ರಾಜ್ಯದ ಒಂದು ದೊಡ್ಡ ಬ್ಯಾಂಕಿನ ಮುಖ್ಯಸ್ಥರು. ಬೆಂಬಲಿಸಿದವರು ಇಷ್ಟು ದೊಡ್ಡ ಇಲಾಖೆ ನಡೆಸಲು ಆಡಳಿತ ಗೊತ್ತಿರುವವರು ಬೇಕು ಅಂದರು. ಇನ್ನೊಂದು ಕಡೆಯಿಂದ ನೋಡಿದರೆ, ಊರಿನ ಒಬ್ಬ ನಿವೃತ್ತ ಶಿಕ್ಷಕಿ ಮನೆ ಮನೆ ಸುತ್ತಿ ಮತ ಕೇಳಿ ಆ ಮೇಜಿಗೆ ಬರುವ ದಾರಿ ಮುಚ್ಚಿಹೋಯಿತು. ಎರಡೂ ನಿಜ.

ಆ ಆರು ಮತಗಳ ಲೆಕ್ಕವನ್ನು ಈಗ ಮತ್ತೆ ಹಾಕಿ ನೋಡಿ. ಗವರ್ನರ್‌ಗೆ ಮೂರು, ಹಾಗೇ ಇದೆ. ಮಂಡಳಿಗೆ ಎರಡು, ಆದರೆ ಮಂಡಳಿಯನ್ನು ಕೂರಿಸಿದ್ದು ಗವರ್ನರ್. ಸೂಪರಿಂಟೆಂಡೆಂಟ್‌ಗೆ ಒಂದು, ಅವರನ್ನು ಆರಿಸಿದ್ದು ಆ ಮಂಡಳಿ. ಸಂಖ್ಯೆ ಒಂದೂ ಬದಲಾಗಿಲ್ಲ. ಆದರೂ ಆರೂ ಎಳೆಗಳ ಇನ್ನೊಂದು ತುದಿ ಈಗ ಒಂದೇ ಕಚೇರಿಯಲ್ಲಿದೆ. ಇನ್ನೊಮ್ಮೆ ಶುಕ್ರವಾರ ಶಾಲೆ ಮುಚ್ಚಿದರೆ ಇದು ನನ್ನ ಕೈಯಲ್ಲಿರಲಿಲ್ಲ ಅಂತ ಯಾವ ಗವರ್ನರ್ ಹೇಳಿದರೂ ಜನ ನಂಬುವುದಿಲ್ಲ. ಜನ ಬಯಸಿದ್ದು ಇದನ್ನೇ. ಆದರೆ ಗವರ್ನರ್ ತಪ್ಪು ಮಾಡುತ್ತಿದ್ದಾರೆ ಅನ್ನಿಸಿದರೆ, ಅವರಿಂದ ನೇಮಕವಾಗದೆ ಜನರ ಮತದಿಂದಲೇ ಬಂದು 'ಬೇಡ' ಅನ್ನುವವರು ಆ ಕಡೆಯ ಮೇಜಿನಲ್ಲಿ ಈಗ ಯಾರೂ ಇಲ್ಲ. ನಾಲ್ಕು ವರ್ಷಕ್ಕೊಮ್ಮೆ ಬರುವ ಗವರ್ನರ್ ಚುನಾವಣೆಯಲ್ಲಿ ರಸ್ತೆ, ಮನೆ ಬಾಡಿಗೆ, ಆಸ್ಪತ್ರೆ, ಪ್ರವಾಸೋದ್ಯಮ ಎಲ್ಲದರ ನಡುವೆ ಶಾಲೆಯೂ ಒಂದು ವಿಷಯ. ಶಾಲೆಗಾಗಿಯೇ ಇದ್ದ ಮತ ಹೋಯಿತು. ಈ ನಷ್ಟವನ್ನು ಸಣ್ಣದು ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಬೇರೆ ರಾಜ್ಯಗಳ ದಾರಿ

ಇದೇ ತೊಡಕನ್ನು ಬೇರೆ ರಾಜ್ಯಗಳು ಬೇರೆ ಬೇರೆ ರೀತಿ ಬಿಡಿಸಲು ನೋಡಿವೆ. ಟೆಕ್ಸಾಸ್‌ನಲ್ಲಿ 1984ರಲ್ಲಿ ದೊಡ್ಡ ಶಿಕ್ಷಣ ಸುಧಾರಣೆ ಬಂತು. ಚುನಾಯಿತರಾದ 27 ಜನರ ಮಂಡಳಿಯನ್ನು ತೆಗೆದು, ಗವರ್ನರ್ ನೇಮಿಸುವ 15 ಜನರನ್ನು ಕೂರಿಸಿದರು. ಹೊಸ ನಿಯಮಗಳು ಬೇರೂರುವ ತನಕ ಇರಲಿ ಅನ್ನುವ ಲೆಕ್ಕ ಇತ್ತು. 1987ರಲ್ಲಿ, ನೇಮಕದ ಪದ್ಧತಿಯೇ ಮುಂದುವರಿಯಲೇ ಅಂತ ಜನರನ್ನು ಕೇಳಿದರು. ಜನ ಬೇಡ ಅಂದರು. 15 ಸ್ಥಾನ ಹಾಗೇ ಉಳಿದು ಚುನಾವಣೆ ವಾಪಸ್ ಬಂತು. ಪಠ್ಯಪುಸ್ತಕದಲ್ಲಿ ಏನಿರಬೇಕು ಅನ್ನುವ ಜಗಳ ಅಲ್ಲಿ ಇವತ್ತಿಗೂ ಚುನಾವಣೆಯ ವಿಷಯ. ಅಂದರೆ ಚುನಾವಣೆ ಇದ್ದ ಕೂಡಲೇ ಎಲ್ಲ ತಣ್ಣಗಾಗುತ್ತದೆ ಅಂತಲೂ ಅಲ್ಲ. ನ್ಯೂ ಮೆಕ್ಸಿಕೋ 2003ರಲ್ಲಿ ಇನ್ನೂ ಮುಂದೆ ಹೋಯಿತು. ಶಿಕ್ಷಣವನ್ನು ಗವರ್ನರ್ ಸಂಪುಟದ ಒಬ್ಬ ಕಾರ್ಯದರ್ಶಿಗೆ ವಹಿಸಿ, ಹಳೆಯ ಮಂಡಳಿಯ ಜಾಗದಲ್ಲಿ ಸಲಹೆ ಕೊಡುವ ಚುನಾಯಿತ ಆಯೋಗ ಇಟ್ಟಿತು. ಮಿನ್ನೆಸೋಟ ತನ್ನ ಮಂಡಳಿಯನ್ನು 1999ರ ಕೊನೆಗೆ ಮುಚ್ಚಿಯೇಬಿಟ್ಟಿತು.

ಓಹಾಯೋ ಹಿಡಿದದ್ದು ತೀರಾ ಬೇರೆ ದಾರಿ. ಆಗ ಅಲ್ಲಿನ ಮಂಡಳಿಯಲ್ಲಿ 19 ಜನ ಇದ್ದರು, 11 ಚುನಾಯಿತರು, 8 ನೇಮಕವಾದವರು. 2023ರಲ್ಲಿ ಆ ಕುರ್ಚಿಗಳನ್ನು ಯಾರೂ ಮುಟ್ಟಲಿಲ್ಲ. ಬಜೆಟ್ ಮಸೂದೆಯ ಒಳಗೇ ಒಂದು ಭಾಗ ಸೇರಿಸಿ, ಮಂಡಳಿಯ ಅಧಿಕಾರದ ಬಹುಪಾಲನ್ನು ಎತ್ತಿ ಗವರ್ನರ್ ಕೆಳಗಿನ ಹೊಸ ಇಲಾಖೆಗೆ ಕೊಟ್ಟರು. ಮಂಡಳಿಗೆ ಉಳಿದದ್ದು ಶಿಕ್ಷಕರ ಪರವಾನಗಿಯಂಥ ಕೆಲವು ಕೆಲಸ. ಮಂಡಳಿಯ ಕೆಲವು ಸದಸ್ಯರು ಕೋರ್ಟಿಗೆ ಹೋದರು. ಕೆಲವು ದಿನ ತಡೆ ಸಿಕ್ಕಿತು, ಆಮೇಲೆ ಅದು ಮುಂದುವರಿಯಲಿಲ್ಲ. ಮತದಾರರು ಹಾಕಿದ ಮತ ಆಗ ಹಾಗೇ ಇತ್ತು, ಗೆದ್ದವರ ಕುರ್ಚಿಯೂ ಇತ್ತು, ಆದರೆ ಮೇಜಿನ ಮೇಲಿದ್ದ ಕಡತಗಳು ಪಕ್ಕದ ಕೋಣೆಗೆ ಹೋದವು. ಹವಾಯಿಯವರು ಕನಿಷ್ಠ ಜನರ ಮುಂದೆ ನೇರವಾಗಿ ಪ್ರಶ್ನೆ ಇಟ್ಟರು. ನನ್ನ ಮನಸ್ಸಿಗೆ ಈ ವ್ಯತ್ಯಾಸ ದೊಡ್ಡದಾಗಿ ಕಾಣುತ್ತದೆ.

ನಮ್ಮ ಊರಿನ ಶಾಲೆಯ ಎಸ್‌ಡಿಎಂಸಿ ನೋಡಿದವರಿಗೆ ಇದೆಲ್ಲ ಹೊಸದಾಗಿ ಕಾಣಲಿಕ್ಕಿಲ್ಲ. ಶಿಕ್ಷಣ ಹಕ್ಕು ಕಾಯ್ದೆ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರು ಇರಬೇಕು ಅನ್ನುತ್ತದೆ. ಯಾರು ಕೂರಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಕಷ್ಟ. ಆದರೆ ಖಾಲಿ ಇರುವ ಶಿಕ್ಷಕರ ಹುದ್ದೆ ತುಂಬುವ ಅಧಿಕಾರ ಆ ಸಮಿತಿಗೆ ಇಲ್ಲ. ಅದು ಇಲಾಖೆಯ ಕೈಯಲ್ಲಿ. ಹವಾಯಿಯಲ್ಲೂ 2004ರ ಒಂದು ಕಾನೂನಿನಿಂದ ಪ್ರತಿ ಶಾಲೆಗೂ ಪೋಷಕರು, ಶಿಕ್ಷಕರು, ವಿದ್ಯಾರ್ಥಿಗಳು ಸೇರಿದ ಸಮುದಾಯ ಸಮಿತಿ ಬಂದಿದೆ. ಅದೂ ಸಂಬಳದ ವಿಷಯ ತೀರ್ಮಾನಿಸುವ ಹಾಗಿಲ್ಲ.

ಇವತ್ತು ಹವಾಯಿಯ ಒಬ್ಬ ತಾಯಿಗೆ ಮಂಡಳಿಯ ಹತ್ತಿರ ಮಾತಾಡಬೇಕು ಅನ್ನಿಸಿದರೆ ಎರಡು ಬಾಗಿಲು ತೆರೆದಿವೆ. ಗವರ್ನರ್ ಯಾರನ್ನಾದರೂ ಹೆಸರಿಸಿದಾಗ ಸೆನೆಟ್ ಸಮಿತಿ ವಿಚಾರಣೆ ನಡೆಸುತ್ತದೆ. ಇವರು ಬೇಕು, ಇವರು ಬೇಡ ಅಂತ ಅಲ್ಲಿ ಯಾರು ಬೇಕಾದರೂ ಬರೆದು ಕೊಡಬಹುದು. ಇನ್ನು ಮಂಡಳಿ ಸಭೆ ಸೇರುವ ಆರು ದಿನ ಮೊದಲೇ ವಿಷಯಪಟ್ಟಿ ಹೊರಗೆ ಬರಬೇಕು, ಪಟ್ಟಿಯ ಯಾವ ವಿಷಯದ ಮೇಲಾದರೂ ಜನ ಮಾತಾಡಲು ಅವಕಾಶ ಕೊಡಲೇಬೇಕು ಅಂತ ಕಾನೂನಿದೆ. ಆ ಒಂಬತ್ತು ಜನರ ಜೊತೆ ಹೈಸ್ಕೂಲು ವಿದ್ಯಾರ್ಥಿಯೊಬ್ಬರೂ ಕೂತಿರುತ್ತಾರೆ. ಅವರನ್ನು ಕಳಿಸುವುದು ವಿದ್ಯಾರ್ಥಿಗಳದ್ದೇ ಒಂದು ಪರಿಷತ್ತು. ಜನ ಆರಿಸುತ್ತಿದ್ದ ಕಾಲದಲ್ಲೂ ಆ ಕುರ್ಚಿ ಇತ್ತು, ಈಗಲೂ ಇದೆ. ಮಾತಾಡಬಹುದು, ಪ್ರಶ್ನೆ ಕೇಳಬಹುದು. ಮತ ಮಾತ್ರ ಆಗಲೂ ಇರಲಿಲ್ಲ, ಈಗಲೂ ಇಲ್ಲ.